ಮಕ್ಕಳನ್ನು ಕಳೆದುಕೊಂಡವರ ದೀರ್ಘ ಯಾನ: ಉಳಿದ ದೂರ ಯಾರದ್ದು?

ಹರೆಯದ ಜೀವವೊಂದು ತಾನೇ ಹೊರಟುಹೋದ ಮನೆಯಲ್ಲಿ ಉಳಿದವರು ಏನು ಮಾಡ್ತಾರೆ? ನಮ್ಮ ಕಡೂರು ಸೀಮೆಯಲ್ಲಿ ಸಾಮಾನ್ಯವಾಗಿ ಬಾಗಿಲು ಮುಂದೆ ಮಾಡ್ಕೊಂಡು ಒಳಗೆ ಕೂತ್ಕೋತಾರೆ. ತಿಥಿ ಬೇಗ ಮುಗಿಯುತ್ತೆ. ಕೇಳಿದವರಿಗೆ ‘ಹೊಟ್ಟೆನೋವಿತ್ತು’ ಅಂತಲೋ ‘ಏನೋ ಹೆಚ್ಚುಕಮ್ಮಿ ಆಯ್ತು’ ಅಂತಲೋ ಹೇಳ್ತಾರೆ. ತಂಗಿ ಮದುವೆ ಇದೆ, ತಮ್ಮನ ಓದಿದೆ, ಮನೆ ಹೆಸರಿದೆ. ವರ್ಷ ಕಳೆಯೋದ್ರೊಳಗೆ ಆ ಹುಡುಗನ ಹೆಸರನ್ನು ಮನೆಯವರೇ ಎತ್ತೋದು ನಿಲ್ಲಿಸಿಬಿಡ್ತಾರೆ.

ಬೇರೆ ಕೆಲವು ದೇಶಗಳಲ್ಲಿ ಇಂಥ ಮನೆಯವರು ಇದಕ್ಕೆ ತದ್ವಿರುದ್ಧವಾದ್ದನ್ನು ಮಾಡೋದುಂಟು. ಮನೆಯಿಂದ ಹೊರಗೆ ಬರ್ತಾರೆ. ನದಿಯುದ್ದಕ್ಕೂ ದೋಣಿ ಹುಟ್ಟು ಹಾಕ್ತಾರೆ, ಸೈಕಲ್ ತುಳೀತಾರೆ, ನೂರಾರು ಕಿಲೋಮೀಟರ್ ನಡೀತಾರೆ. ದಾರಿಯಲ್ಲಿ ಸಿಕ್ಕವರಿಗೆಲ್ಲ ‘ನಮ್ಮ ಮಗು ಹೀಗೆ ಹೋಯ್ತು, ನಿಮ್ಮ ಮಗೂನ ಇವತ್ತು ಮಾತಾಡಿಸಿ’ ಅಂತ ಹೇಳ್ತಾರೆ. ಮೊದಲ ಸಲ ಕೇಳಿದಾಗ ಇದು ವಿಚಿತ್ರ ಅನಿಸುತ್ತೆ. ಸಾವಿಗೂ ಸಾಹಸಕ್ಕೂ ಎಲ್ಲಿಯ ಸಂಬಂಧ? ಇದರಿಂದ ಯಾರ ಜೀವ ಉಳಿಯುತ್ತೆ?

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಹುಡುಕ್ತಾ ಹೋದಾಗ ನನಗೆ ಎರಡು ವಿಷಯ ಸ್ಪಷ್ಟವಾಯ್ತು. ಒಂದು, ಇಂಥ ಯಾನಗಳು ಕೆಲಸ ಮಾಡುತ್ತವೆ, ಆದರೆ ಅವು ಒಂದು ನಿರ್ದಿಷ್ಟ ಬೇಡಿಕೆಯ ಬಾಗಿಲಿಗೆ ಹೋಗಿ ನಿಂತಾಗ ಮಾತ್ರ. ಎರಡು, ನಮ್ಮ ದೇಶದಲ್ಲೂ ಇಂಥ ಯಾನ ಮಾಡಿದ ಅಪ್ಪ ಅಮ್ಮಂದಿರಿದ್ದಾರೆ. ಅವರು ನದಿಯಲ್ಲಿ ಹೋಗಲಿಲ್ಲ, ಕೋರ್ಟಿನ ಕಾರಿಡಾರುಗಳಲ್ಲಿ ನಡೆದರು. ಅಷ್ಟೇ ವ್ಯತ್ಯಾಸ.

ಮೂವರು ಅಪ್ಪಂದಿರು ನಡೆದದ್ದು

ಇಂಗ್ಲೆಂಡಿನ ಆಂಡಿ ಏರಿ, ಮೈಕ್ ಪಾಮರ್, ಟಿಮ್ ಓವನ್. ಮೂವರೂ ತಮ್ಮ ಹೆಣ್ಣುಮಕ್ಕಳನ್ನು ಆತ್ಮಹತ್ಯೆಯಲ್ಲಿ ಕಳೆದುಕೊಂಡವರು. ಆ ದುಃಖವೇ ಅವರನ್ನು ಒಟ್ಟಿಗೆ ತಂದಿತು. 2021ರ ಅಕ್ಟೋಬರಿನಲ್ಲಿ ಮೂವರೂ ಒಬ್ಬರ ಊರಿಂದ ಇನ್ನೊಬ್ಬರ ಊರಿಗೆ ಅಂತ 300 ಮೈಲಿ, ಅಂದ್ರೆ ಸುಮಾರು 480 ಕಿಲೋಮೀಟರ್ ನಡೆದರು. ‘ತ್ರೀ ಡ್ಯಾಡ್ಸ್ ವಾಕಿಂಗ್’ ಅಂತ ಹೆಸರಾಯ್ತು. ಯುವಜನರ ಆತ್ಮಹತ್ಯೆ ತಡೆಗೆ ಕೆಲಸ ಮಾಡುವ ‘ಪಪೈರಸ್’ ಸಂಸ್ಥೆಗೆ ಲಕ್ಷಾಂತರ ಪೌಂಡ್ ಹಣ ಕೂಡಿತು. ಆ ಸಂಸ್ಥೆಯನ್ನೂ 1997ರಲ್ಲಿ ಕಟ್ಟಿದ್ದು ಮಗನನ್ನು ಕಳೆದುಕೊಂಡ ಒಬ್ಬ ತಾಯಿಯೇ.

ಹಣ ಕೂಡಿದ್ದಷ್ಟೇ ಆಗಿದ್ದರೆ ನಾನಿದನ್ನು ಬರೀತಿರಲಿಲ್ಲ. ನಡೀತಾ ನಡೀತಾ ಅವರಿಗೊಂದು ಪ್ರಶ್ನೆ ಗಟ್ಟಿಯಾಯ್ತು: ಹದಿಹರೆಯದವರನ್ನು ಇಷ್ಟೊಂದು ಸಂಖ್ಯೆಯಲ್ಲಿ ಕೊಲ್ಲುತ್ತಿರುವ ಈ ವಿಷಯದ ಬಗ್ಗೆ ಶಾಲೆಯಲ್ಲಿ ಯಾಕೆ ಒಂದು ಮಾತೂ ಹೇಳಿಕೊಡಲ್ಲ? 2022ರಲ್ಲಿ ಮತ್ತೆ ಹೊರಟರು. ಈ ಸಲ 600 ಮೈಲಿ, ಬ್ರಿಟನ್ನಿನ ನಾಲ್ಕೂ ಶಾಸನಸಭೆಗಳಿಗೆ. ಒಂದೂವರೆ ಲಕ್ಷಕ್ಕೂ ಹೆಚ್ಚು ಸಹಿ ಬಿದ್ದ ಅರ್ಜಿ ತಯಾರಾಯ್ತು. 2023ರ ಮಾರ್ಚಿನಲ್ಲಿ ಸಂಸತ್ತಿನಲ್ಲಿ ಅದರ ಮೇಲೆ ಚರ್ಚೆ ನಡೀತು. 2025ರ ಜುಲೈನಲ್ಲಿ ಇಂಗ್ಲೆಂಡಿನ ಸರ್ಕಾರ ಶಾಲೆಗಳಿಗೆ ಹೊರಡಿಸಿದ ಪರಿಷ್ಕೃತ ಮಾರ್ಗಸೂಚಿಯಲ್ಲಿ ಆತ್ಮಹತ್ಯೆ ತಡೆಯ ವಿಷಯ ಸೇರಿತು.

ಇಲ್ಲಿ ಗಮನಿಸಬೇಕಾದ್ದು ಮೈಲಿಗಳ ಲೆಕ್ಕವಲ್ಲ. ಮೊದಲ ನಡಿಗೆ ‘ಜಾಗೃತಿ’ ಆಗಿತ್ತು, ಎರಡನೆಯದು ‘ಬೇಡಿಕೆ’ ಆಯ್ತು. ಜಾಗೃತಿ ಮೂಡಿಸೋಣ ಅಂದ್ರೆ ಎಲ್ಲರೂ ಹೂಂ ಅಂತಾರೆ, ಯಾರಿಗೂ ಖರ್ಚಿಲ್ಲ. ಪಠ್ಯದಲ್ಲಿ ಸೇರಿಸಿ ಅಂದಾಗ ಒಬ್ಬ ಮಂತ್ರಿ, ಒಂದು ಇಲಾಖೆ ಉತ್ತರ ಕೊಡಬೇಕಾಗುತ್ತೆ.

ನಮ್ಮ ಲೆಕ್ಕ

ಈಗ ನಮ್ಮ ಕಡೆಗೆ ಬರೋಣ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಪ್ರಕಾರ 2023ರಲ್ಲಿ ದೇಶದಲ್ಲಿ 1,71,418 ಮಂದಿ ಆತ್ಮಹತ್ಯೆಯಿಂದ ಸತ್ತಿದ್ದಾರೆ. ಅವರಲ್ಲಿ 13,892 ಮಂದಿ ವಿದ್ಯಾರ್ಥಿಗಳು. ದಿನಕ್ಕೆ 38. ಹತ್ತು ವರ್ಷ ಹಿಂದೆ, 2013ರಲ್ಲಿ ಈ ಸಂಖ್ಯೆ 8,423 ಇತ್ತು. ಹೆಚ್ಚಳ ಶೇ. 65ರ ಹತ್ತಿರ. ಒಟ್ಟು ಸಂಖ್ಯೆಯಲ್ಲಿ ಮಹಾರಾಷ್ಟ್ರ, ತಮಿಳುನಾಡು, ಮಧ್ಯಪ್ರದೇಶ ಬಿಟ್ಟರೆ ನಾಲ್ಕನೇ ಸ್ಥಾನ ನಮ್ಮ ಕರ್ನಾಟಕದ್ದು.

ಇವು ದಾಖಲಾದ ಸಾವುಗಳು. ನಾನು ಮೊದಲೇ ಹೇಳಿದ ‘ಹೊಟ್ಟೆನೋವು’ಗಳು ಈ ಲೆಕ್ಕದಲ್ಲಿಲ್ಲ.

ಇನ್ನೊಂದು ಎಚ್ಚರ ಬೇಕು. ‘ಪರೀಕ್ಷೆಯಲ್ಲಿ ಫೇಲಾಗಿದ್ದಕ್ಕೆ’, ‘ಅಪ್ಪ ಮೊಬೈಲ್ ಕೊಡಿಸದ್ದಕ್ಕೆ’ ಅಂತ ನಮ್ಮ ಚಾನೆಲ್ಲುಗಳು ಒಂದು ಸಾಲಿನಲ್ಲಿ ಕಾರಣ ಹೇಳಿ ಮುಗಿಸ್ತವಲ್ಲ, ಯಾವ ಸಾವೂ ಅಷ್ಟು ಸರಳವಾಗಿರಲ್ಲ. ಮನಸ್ಸಿನ ಕಾಯಿಲೆ, ಮನೆಯ ಜಗಳ, ಸಾಲ, ಪ್ರೀತಿ, ಜಾತಿಯ ಅವಮಾನ, ಹಾಸ್ಟೆಲಿನ ಒಂಟಿತನ, ಇವು ಹಲವು ಕಡೆಯಿಂದ ಬಂದು ಕೂಡುತ್ತವೆ. ಫೇಲಾದ ಲಕ್ಷಾಂತರ ಮಕ್ಕಳು ಬದುಕಿದ್ದಾರೆ. ಹಾಗಾಗಿ ‘ಫೇಲು = ಸಾವು’ ಅನ್ನೋ ಸಮೀಕರಣವನ್ನು ನಾವು ಪದೇ ಪದೇ ಹೇಳಿದಷ್ಟೂ ಫಲಿತಾಂಶದ ದಿನ ಕೂತ ಹುಡುಗಿಗೆ ಅದೊಂದು ಸಹಜವಾದ ದಾರಿ ಅನಿಸತೊಡಗುತ್ತೆ.

ನಮ್ಮವರು ನಡೆದದ್ದು ಎಲ್ಲಿ?

2019ರಲ್ಲಿ ಇಬ್ಬರು ತಾಯಂದಿರು ಸುಪ್ರೀಂ ಕೋರ್ಟಿಗೆ ಹೋದರು. ಒಬ್ಬರು ರಾಧಿಕಾ ವೇಮುಲ, 2016ರ ಜನವರಿಯಲ್ಲಿ ಹೈದರಾಬಾದ್ ವಿಶ್ವವಿದ್ಯಾಲಯದಲ್ಲಿ ತೀರಿಕೊಂಡ ರೋಹಿತ್ ಅವರ ತಾಯಿ. ಇನ್ನೊಬ್ಬರು ಅಬೇದಾ ತಡ್ವಿ, 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ತೀರಿಕೊಂಡ ಯುವ ವೈದ್ಯೆ ಪಾಯಲ್ ಅವರ ತಾಯಿ. ಕ್ಯಾಂಪಸ್ಸಿನಲ್ಲಿ ಜಾತಿ ತಾರತಮ್ಯ ತಡೆಯೋ ನಿಯಮಗಳು ಕಾಗದದಲ್ಲೇ ಉಳಿದಿವೆ, ಜಾರಿ ಮಾಡಿ ಅನ್ನೋದು ಅವರ ಕೋರಿಕೆ. ‘ಕೌನ್ಸೆಲಿಂಗ್ ಕೊಡಿ’ ಅಂತಷ್ಟೇ ಅವರು ಕೇಳಲಿಲ್ಲ ಅನ್ನೋದು ಮುಖ್ಯ. ಅವಮಾನ ಮಾಡುವ ವ್ಯವಸ್ಥೆಯನ್ನು ಹಾಗೇ ಬಿಟ್ಟು, ಅವಮಾನಿತನಿಗೆ ಮಾತ್ರ ‘ಮನಸ್ಸು ಗಟ್ಟಿ ಮಾಡ್ಕೋ’ ಅನ್ನೋದು ಅರ್ಧ ಪರಿಹಾರ ಕೂಡ ಅಲ್ಲ. ನಮ್ಮ ರಾಜ್ಯ ಸರ್ಕಾರ 2025ರಲ್ಲಿ ರೋಹಿತ್ ವೇಮುಲ ಹೆಸರಿನ ಮಸೂದೆಯ ಕರಡು ಸಿದ್ಧಪಡಿಸಲು ಹೊರಟಿದ್ದರ ಹಿಂದೆ ಈ ತಾಯಿಯ ವರ್ಷಗಳ ಅಲೆದಾಟ ಇದೆ.

2023ರಲ್ಲಿ ದೆಹಲಿಯ ಐಐಟಿಯಲ್ಲಿ ಎರಡು ತಿಂಗಳ ಅಂತರದಲ್ಲಿ ಇಬ್ಬರು ವಿದ್ಯಾರ್ಥಿಗಳು ತೀರಿಕೊಂಡರು. ಪೊಲೀಸರು ಎಫ್‌ಐಆರ್ ಹಾಕಲಿಲ್ಲ. ಮನೆಯವರು ಹೈಕೋರ್ಟಿಗೆ ಹೋದರು. 2024ರ ಜನವರಿಯಲ್ಲಿ ಅಲ್ಲೂ ಆಗಲ್ಲ ಅಂತಾಯ್ತು. ಬಿಡದೆ ಸುಪ್ರೀಂ ಕೋರ್ಟಿಗೆ ಹೋದರು. 2025ರ ಮಾರ್ಚ್ 24ರಂದು ನ್ಯಾಯಾಲಯ ಎಫ್‌ಐಆರ್ ದಾಖಲಿಸಿ ಅಂತ ಆದೇಶಿಸಿತು. ಅಷ್ಟಕ್ಕೇ ನಿಲ್ಲದೆ, ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ನಿವೃತ್ತ ನ್ಯಾಯಮೂರ್ತಿ ಎಸ್. ರವೀಂದ್ರ ಭಟ್ ಅವರ ನೇತೃತ್ವದಲ್ಲಿ ರಾಷ್ಟ್ರೀಯ ಕಾರ್ಯಪಡೆ ರಚಿಸಿತು.

ಅದೇ ವರ್ಷ ಜುಲೈ 25ರಂದು ಇನ್ನೊಂದು ತೀರ್ಪು ಬಂತು. ವಿಶಾಖಪಟ್ಟಣದಲ್ಲಿ ನೀಟ್ ಕೋಚಿಂಗಿಗೆ ಅಂತ ಸೇರಿದ್ದ 17 ವರ್ಷದ ಮಗಳನ್ನು ಕಳೆದುಕೊಂಡ ಅಪ್ಪ, ಸುಕ್ದೇಬ್ ಸಾಹಾ, ತನಿಖೆ ಸಿಬಿಐಗೆ ಕೊಡಿ ಅಂತ ಕೇಳಿದ್ದರು. ನ್ಯಾಯಾಲಯ ಅದನ್ನು ಒಪ್ಪಿತು. ಜತೆಗೆ ಇಡೀ ದೇಶದ ಶಿಕ್ಷಣ ಸಂಸ್ಥೆಗಳಿಗೆ 15 ಮಾರ್ಗಸೂಚಿ ಕೊಟ್ಟಿತು. ಕಾನೂನು ಬರೋವರೆಗೆ ಇವೇ ಕಾನೂನು. ಅವುಗಳಲ್ಲಿ ನಮಗೆ ನಿಮಗೆ ಕಣ್ಣಾರೆ ನೋಡಿ ಪರೀಕ್ಷಿಸೋಕೆ ಆಗುವಂಥವು ಇವು:

- 100 ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಯಲ್ಲಿ ಕನಿಷ್ಠ ಒಬ್ಬ ತರಬೇತಿ ಪಡೆದ ಆಪ್ತಸಮಾಲೋಚಕರಿರಬೇಕು. ಸಣ್ಣ ಸಂಸ್ಥೆಯಾದರೆ ಹೊರಗಿನ ತಜ್ಞರ ಜತೆ ಅಧಿಕೃತ ಸಂಪರ್ಕ ಇರಬೇಕು.
- ಅಂಕ ನೋಡಿ ಬ್ಯಾಚ್ ಒಡೆಯೋದು, ಎಲ್ಲರೆದುರು ಅವಮಾನ ಮಾಡೋದು, ಅಳತೆ ಮೀರಿದ ಗುರಿ ಹೇರೋದು ಕೂಡದು.
- ಬೋಧಕ, ಬೋಧಕೇತರ ಸಿಬ್ಬಂದಿಗೆಲ್ಲ ವರ್ಷಕ್ಕೆ ಎರಡು ಸಲವಾದರೂ ತರಬೇತಿ ಆಗಬೇಕು.
- ಟೆಲಿ ಮನಸ್ ಮುಂತಾದ ಸಹಾಯವಾಣಿ ಸಂಖ್ಯೆಗಳು ಹಾಸ್ಟೆಲು, ತರಗತಿ, ವೆಬ್‌ಸೈಟಿನಲ್ಲಿ ಎದ್ದು ಕಾಣುವಂತೆ ಇರಬೇಕು.
- ಜಿಲ್ಲಾ ಮಟ್ಟದಲ್ಲಿ ಜಿಲ್ಲಾಧಿಕಾರಿ ನೇತೃತ್ವದ ಉಸ್ತುವಾರಿ ಸಮಿತಿ ಇರಬೇಕು.

ಮಗಳ ಸಾವಿಗೆ ನ್ಯಾಯ ಕೇಳಲು ಹೋದ ಒಬ್ಬ ಅಪ್ಪನಿಂದ ಇಡೀ ದೇಶದ ಮಕ್ಕಳಿಗೆ ಸಿಕ್ಕಿದ್ದು ಇದು. ಆ ಮೂವರು ಅಪ್ಪಂದಿರ ನಡಿಗೆಗಿಂತ ಇದೇನು ಕಮ್ಮಿ ದೂರ?

ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್

ನಾನು ಓದಿದ್ದು ಇಂಜಿನಿಯರಿಂಗ್. ಹಾಸ್ಟೆಲಿನ ದಿನಗಳಿಂದ ಒಂದು ಚಿತ್ರ ಉಳಿದಿದೆ: ‘ಇಯರ್ ಬ್ಯಾಕ್’ ಆದ ಸೀನಿಯರುಗಳು ಮೆಸ್ಸಿಗೆ ಕೊನೆಗೆ ಬರೋರು, ಎಲ್ಲರೂ ಉಂಡು ಎದ್ದ ಮೇಲೆ. ಜತೆಯವರು ಮುಂದೆ ಹೋಗಿದ್ದಾರೆ, ಜೂನಿಯರುಗಳ ಜತೆ ಕೂರೋಕೆ ಮುಜುಗರ. ಮನೆಗೆ ಫೋನ್ ಮಾಡಿದಾಗ ‘ಚೆನ್ನಾಗಿದೀನಿ ಕಣಮ್ಮ’ ಅನ್ನೋರು. ಯಾರೂ ಅವರನ್ನು ಬಯ್ಯುತ್ತಿರಲಿಲ್ಲ. ಆದರೆ ಆ ತಡವಾದ ಊಟದಲ್ಲೇ ವ್ಯವಸ್ಥೆ ಅವರಿಗೆ ಏನು ಹೇಳಬೇಕೋ ಹೇಳಿಬಿಟ್ಟಿತ್ತು.

ಇಂಜಿನಿಯರಿಂಗಿನಲ್ಲಿ ಮೊದಲು ಕಲಿಸೋ ಪಾಠಗಳಲ್ಲಿ ಒಂದು: ಒಂದೇ ಒಂದು ಭಾಗ ಕೆಟ್ಟರೆ ಇಡೀ ಯಂತ್ರ ನಿಲ್ಲುವಂತೆ ವಿನ್ಯಾಸ ಮಾಡಬೇಡಿ. ಅಂಥ ಭಾಗಕ್ಕೆ ‘ಸಿಂಗಲ್ ಪಾಯಿಂಟ್ ಆಫ್ ಫೇಲ್ಯೂರ್’ ಅಂತಾರೆ. ವಿಮಾನಕ್ಕೆ ಎರಡು ಇಂಜಿನ್ ಇರೋದು ಇದಕ್ಕೇ. ಆದರೆ ನಾವು ಹದಿನಾರು ವರ್ಷದ ಮಕ್ಕಳಿಗೆ ಕಟ್ಟಿಕೊಟ್ಟ ಬದುಕು ನೋಡಿ. ಮಾರ್ಚಿನ ಒಂದು ಬೆಳಿಗ್ಗೆ ಜ್ವರ ಬಂತು, ಗಣಿತ ಕೈಕೊಟ್ಟಿತು, ವರ್ಷ ಹೋಯ್ತು, ಊರಲ್ಲಿ ಮುಖ ಹೋಯ್ತು. ಹುಡುಗಿಯಾಗಿದ್ದರೆ ಓದೇ ನಿಂತು ಮದುವೆ ಮಾತು ಶುರು.

ಇದನ್ನು ಬದಲಿಸಬಹುದು. ಬದಲಿಸಿದಾಗ ಜೀವ ಉಳಿಯುತ್ತೆ ಅನ್ನೋದಕ್ಕೆ ಪಕ್ಕದ ತಮಿಳುನಾಡಿನಲ್ಲೇ ಉದಾಹರಣೆ ಇದೆ. 1986ರಲ್ಲಿ ಚೆನ್ನೈಯಲ್ಲಿ ‘ಸ್ನೇಹಾ’ ಅನ್ನೋ ಆತ್ಮಹತ್ಯೆ ತಡೆ ಸಂಸ್ಥೆ ಕಟ್ಟಿದ ಮನೋವೈದ್ಯೆ ಡಾ. ಲಕ್ಷ್ಮಿ ವಿಜಯಕುಮಾರ್ ಮತ್ತು ಜತೆಗಾರರು ಸರ್ಕಾರದ ಮುಂದೆ ಒಂದು ಸರಳ ಬೇಡಿಕೆ ಇಟ್ಟರು: ಫೇಲಾದವರಿಗೆ ಕೂಡಲೇ ಮರುಪರೀಕ್ಷೆ ಮಾಡಿ, ಪಾಸಾದರೆ ಅದೇ ವರ್ಷ ಕಾಲೇಜಿಗೆ ಸೇರಿಸಿಕೊಳ್ಳಿ. ಸರ್ಕಾರ ಒಪ್ಪಿತು. ಪರೀಕ್ಷೆಯ ಸೋಲಿಗೆ ತಳುಕು ಹಾಕಿಕೊಂಡ ಸಾವುಗಳು ಮುಂದಿನ ವರ್ಷಗಳಲ್ಲಿ ಗಣನೀಯವಾಗಿ ಇಳಿದವು. ಇದಕ್ಕೆ ಆಸ್ಪತ್ರೆ ಕಟ್ಟಬೇಕಾಗಲಿಲ್ಲ, ಮಾತ್ರೆ ಕೊಡಬೇಕಾಗಲಿಲ್ಲ. ಒಂದು ವೇಳಾಪಟ್ಟಿ ಬದಲಾಯ್ತು, ಅಷ್ಟೇ.

ಕರ್ನಾಟಕದಲ್ಲಿ 2024ರಲ್ಲಿ ಎಸ್ಸೆಸ್ಸೆಲ್ಸಿ ಮತ್ತು ದ್ವಿತೀಯ ಪಿಯುಗೆ ಪರೀಕ್ಷೆ-1, ಪರೀಕ್ಷೆ-2, ಪರೀಕ್ಷೆ-3 ಅಂತ ವರ್ಷಕ್ಕೆ ಮೂರು ಅವಕಾಶ ಬಂದವು. ಯಾವುದರಲ್ಲಿ ಹೆಚ್ಚು ಅಂಕವೋ ಅದನ್ನು ಉಳಿಸಿಕೊಳ್ಳಬಹುದು. ಗುಣಮಟ್ಟ ಹಾಳಾಯ್ತು, ಮೇಷ್ಟ್ರುಗಳಿಗೆ ರಜೆ ಇಲ್ಲದಂತಾಯ್ತು ಅಂತ ಟೀಕೆ ಇದೆ. ಶಿಕ್ಷಕರ ದಣಿವಿನ ಮಾತು ನಿಜ, ಅದಕ್ಕೆ ಸರ್ಕಾರ ಪರಿಹಾರ ಹುಡುಕಬೇಕು. ಆದರೆ ‘ಸಪ್ಲಿಮೆಂಟರಿ’ ಅನ್ನೋ ಹಣೆಪಟ್ಟಿ ಹೋಗಿ ಎರಡನೇ ಪರೀಕ್ಷೆ ಅನ್ನೋದು ಎಲ್ಲರೂ ಬರೆಯಬಹುದಾದ ಇನ್ನೊಂದು ಪರೀಕ್ಷೆ ಆಗಿದ್ದು ಸಣ್ಣ ಬದಲಾವಣೆ ಅಲ್ಲ. ಈ ವ್ಯವಸ್ಥೆ ತೆಗೆದುಹಾಕಿ ಅನ್ನೋ ಮಾತು ಮುಂದೆ ಬಂದರೆ, ಅದನ್ನು ಬರೀ ‘ಮೆರಿಟ್’ ಚರ್ಚೆಯಾಗಿ ನೋಡಬೇಡಿ.

ಕೇಳಿದರೆ ಐಡಿಯಾ ಕೊಟ್ಟಂಗಾಗಲ್ವಾ?

ನಮ್ಮಲ್ಲಿ ಅತಿ ಗಟ್ಟಿಯಾಗಿ ಬೇರೂರಿರೋ ಭಯ ಇದು. ‘ಸಾಯೋ ಯೋಚನೆ ಬರ್ತಿದೆಯಾ’ ಅಂತ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂಗಾಗುತ್ತೆ ಅನ್ನೋದು. ಈ ಬಗ್ಗೆ ನಡೆದ ಸಂಶೋಧನೆಗಳು ಹೇಳೋದು ಬೇರೆ. ನೇರವಾಗಿ, ಕಾಳಜಿಯಿಂದ ಕೇಳೋದ್ರಿಂದ ಅಪಾಯ ಹೆಚ್ಚಲ್ಲ. ಬಹಳ ಜನಕ್ಕೆ ಎದೆಯ ಭಾರ ಇಳಿದಂತಾಗುತ್ತೆ, ಸಹಾಯ ಪಡೆಯೋ ಬಾಗಿಲು ತೆರೆಯುತ್ತೆ.

ಕಷ್ಟ ಇರೋದು ಭಾಷೆಯಲ್ಲಿ. ‘ಆತ್ಮಹತ್ಯೆ’ ಅನ್ನೋ ಪದದಲ್ಲೇ ಹತ್ಯೆ ಇದೆ, ಅಪರಾಧದ ವಾಸನೆ ಇದೆ. ಆಡುಮಾತಲ್ಲಿ ಅದನ್ನು ತಪ್ಪಿಸೋಕೆ ‘ಅನಾಹುತ ಮಾಡ್ಕೊಂಡ’ ಅಂತೀವಿ. ಹೀಗೆ ಸುತ್ತುಬಳಸಿ ಮಾತಾಡೋದು ಸತ್ತವರ ಬಗ್ಗೆ ಮರ್ಯಾದೆ ಇರಬಹುದು, ಬದುಕಿರೋರ ಹತ್ರ ಅದು ಕೆಲಸಕ್ಕೆ ಬರಲ್ಲ. ಮನೋವೈದ್ಯರು ಹೇಳೋ ದಾರಿಯನ್ನು ನಮ್ಮ ಮಾತಿಗೆ ಇಳಿಸಿದರೆ ಹೀಗಿರಬಹುದು:

‘ಯಾಕೋ ಈ ನಡುವೆ ನೀನು ನೀನಾಗಿಲ್ಲ ಕಣೋ. ಊಟ ಸರಿಯಾಗಿ ಮಾಡ್ತಿಲ್ಲ, ಯಾರ ಹತ್ರಾನೂ ಮಾತಾಡ್ತಿಲ್ಲ. ಏನಾಯ್ತು ಹೇಳು, ನಾನು ಕೇಳಿಸ್ಕೋತೀನಿ.’

ಅವನು ‘ಎಲ್ಲಾ ಸಾಕಾಗಿದೆ’ ಅಂದರೆ ಮುಂದಿನ ಪ್ರಶ್ನೆ: ‘ಸಾಕಾಗಿದೆ ಅಂದ್ರೆ, ಸಾಯಬೇಕು ಅನ್ನಿಸ್ತಿದೆಯಾ?’

ಹೌದು ಅಂದರೆ ಬೈಯಬೇಡಿ. ‘ಅಪ್ಪ ಅಮ್ಮನ ಬಗ್ಗೆ ಯೋಚನೆ ಮಾಡಿದೀಯಾ’ ಅಂತ ಅಪರಾಧಿ ಮಾಡಬೇಡಿ. ‘ಧೈರ್ಯ ಇಲ್ಲದೋನು’ ಅನ್ನಬೇಡಿ. ‘ಹೇಳಿದ್ದು ಒಳ್ಳೇದಾಯ್ತು, ನಾನು ಜತೇಲಿರ್ತೀನಿ’ ಅನ್ನಿ. ಒಬ್ಬನನ್ನೇ ಬಿಡಬೇಡಿ. ಅಪಾಯವಾಗಬಹುದಾದ ವಸ್ತುಗಳನ್ನು ಅವನ ಕೈಗೆ ಸಿಗದಂತೆ ದೂರ ಮಾಡಿ. ‘ಯಾರಿಗೂ ಹೇಳಬೇಡ’ ಅಂತ ಆಣೆ ಹಾಕಿಸಿಕೊಂಡರೂ ಈ ಒಂದು ಗುಟ್ಟನ್ನು ಒಬ್ಬರೇ ಇಟ್ಕೊಬೇಡಿ. ನಂಬಿಕಸ್ತ ದೊಡ್ಡವರನ್ನೋ ವೈದ್ಯರನ್ನೋ ಸಹಾಯವಾಣಿಯನ್ನೋ ಸೇರಿಸಿಕೊಳ್ಳಿ.

ಇದು ಯಾಕೆ ಕೆಲಸ ಮಾಡುತ್ತೆ? ಸಾಯಲೇಬೇಕು ಅನ್ನೋ ತೀವ್ರ ಬಿಕ್ಕಟ್ಟು ಬಹಳ ಸಲ ಅಲ್ಪಕಾಲದ್ದು. ಆ ಅಲೆ ಏರುತ್ತೆ, ಇಳಿಯುತ್ತೆ. ಅದು ಇಳಿಯೋವರೆಗೆ ಯಾರೋ ಜತೆಗಿದ್ದು, ಅಪಾಯ ಕೈಗೆ ಸಿಗದಂತಿದ್ದರೆ ಜೀವ ಉಳಿಯುತ್ತೆ. ಶ್ರೀಲಂಕಾ ಅತಿ ವಿಷಕಾರಿ ಕೃಷಿ ರಾಸಾಯನಿಕಗಳನ್ನು ಒಂದೊಂದಾಗಿ ನಿಷೇಧಿಸಿದ ಮೇಲೆ, 1990ರ ದಶಕದ ಮಧ್ಯದಿಂದ ಎರಡು ದಶಕದಲ್ಲಿ ಅಲ್ಲಿನ ಆತ್ಮಹತ್ಯೆ ಪ್ರಮಾಣ ಶೇ. 70ರಷ್ಟು ಕುಸಿಯಿತು. ಸಾಯಬೇಕು ಅಂದ್ಕೊಂಡೋರು ಹೇಗಿದ್ರೂ ಸಾಯ್ತಾರೆ ಅನ್ನೋ ಮಾತು ಸುಳ್ಳು ಅಂತ ಒಂದು ಇಡೀ ದೇಶ ಸಾಬೀತು ಮಾಡಿದೆ.

ಸುದ್ದಿ ಕೂಡ ಕೊಲ್ಲಬಹುದು, ಕಾಪಾಡಲೂಬಹುದು

ನನ್ನ ವೃತ್ತಿಯ ಬಗ್ಗೆಯೂ ಹೇಳಬೇಕು. ಆತ್ಮಹತ್ಯೆಯನ್ನು ರೋಚಕವಾಗಿ ವರದಿ ಮಾಡಿದಾಗ ಅನುಕರಣೆಯ ಸಾವುಗಳು ಹೆಚ್ಚುತ್ತವೆ ಅಂತ 1974ರಲ್ಲೇ ಅಮೆರಿಕದ ಸಮಾಜಶಾಸ್ತ್ರಜ್ಞ ಡೇವಿಡ್ ಫಿಲಿಪ್ಸ್ ತೋರಿಸಿದ. ಗಯಟೆಯ 1774ರ ಕಾದಂಬರಿಯ ನಾಯಕನ ಹೆಸರಿನಿಂದ ಅದನ್ನು ‘ವೆರ್ಥರ್ ಪರಿಣಾಮ’ ಅಂತ ಕರೆದ. ಇದರ ಎದುರು ಮುಖವೂ ಇದೆ. ಕಷ್ಟಕ್ಕೆ ಸಿಕ್ಕಿ, ಸಾಯೋ ಯೋಚನೆ ಬಂದು, ಅದನ್ನು ದಾಟಿ ಬದುಕಿದವರ ಕತೆಗಳನ್ನು ಹೇಳಿದಾಗ ಸಾವು ಕಮ್ಮಿಯಾಗೋ ಸಾಧ್ಯತೆ ಇದೆ ಅಂತ 2010ರಲ್ಲಿ ಆಸ್ಟ್ರಿಯಾದ ಸಂಶೋಧಕರು ಕಂಡುಕೊಂಡರು. ಮೊಜಾರ್ಟನ ಸಂಗೀತ ನಾಟಕವೊಂದರಲ್ಲಿ ಸಾಯಲು ಹೊರಟು, ಮೂವರು ಹುಡುಗರ ಮಾತಿನಿಂದ ಬದುಕಿಗೆ ಮರಳೋ ಪಾತ್ರದ ನೆನಪಿಗೆ ಅದು ‘ಪಪಗೇನೋ ಪರಿಣಾಮ’.

ಯಾನ ಹೊರಡೋ ಕುಟುಂಬಗಳ ನಿಜವಾದ ಶಕ್ತಿ ಇಲ್ಲಿದೆ ಅಂತ ನನಗನಿಸುತ್ತೆ. ಅವರು ಸಾವಿನ ವಿವರ ಹೇಳಲ್ಲ, ಸಾವಿನ ನಂತರವೂ ಬದುಕಿರೋದು ಹೇಗೆ ಅಂತ ತೋರಿಸ್ತಾರೆ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲೇ ಮಾರ್ಗಸೂಚಿ ಕೊಟ್ಟಿದೆ: ಮುಖಪುಟದಲ್ಲಿ ಎತ್ತಿ ತೋರಿಸಬೇಡಿ, ವಿಧಾನ ಬರೀಬೇಡಿ, ಜಾಗದ ವಿವರ ಬೇಡ, ರೋಚಕ ತಲೆಬರಹ ಬೇಡ. ಸಾವಿನ ಪತ್ರವನ್ನು ಪರದೆ ಮೇಲೆ ತೋರಿಸೋ ಚಾನೆಲ್ಲು ಕಂಡರೆ ಚಾನೆಲ್ ಬದಲಿಸಿ, ಆ ಕ್ಲಿಪ್ಪನ್ನು ಊರ ಗ್ರೂಪಿಗೆ ಫಾರ್ವರ್ಡ್ ಮಾಡಬೇಡಿ. ಅಷ್ಟು ನಮ್ಮ ಕೈಯಲ್ಲೇ ಇದೆ.

ಕನ್ನಡ ನಾಡಿನ ಒಂದು ಕುಟುಂಬ ಇದನ್ನು ಸರಿಯಾಗಿ ಮಾಡಿದ್ದೂ ಉಂಟು. 2015ರಲ್ಲಿ ದೀಪಿಕಾ ಪಡುಕೋಣೆ ತಮ್ಮ ಖಿನ್ನತೆಯ ಬಗ್ಗೆ ಬಹಿರಂಗವಾಗಿ ಮಾತಾಡಿದರು. ಮಗಳಿಗೆ ಏನೋ ಸರಿಯಿಲ್ಲ ಅಂತ ಮೊದಲು ಗುರುತಿಸಿದ್ದು ಅಮ್ಮ ಉಜ್ಜಲಾ. ಅವರು ಕಟ್ಟಿದ ‘ಲಿವ್ ಲವ್ ಲಾಫ್’ ಸಂಸ್ಥೆಯ ಗ್ರಾಮೀಣ ಕೆಲಸ ಮೊದಲು ಶುರುವಾಗಿದ್ದು ನಮ್ಮ ನೆರೆಯ ದಾವಣಗೆರೆ ಜಿಲ್ಲೆಯಲ್ಲಿ. ತಾರೆಯೊಬ್ಬಳು ‘ನನಗೂ ಆಗಿತ್ತು, ಚಿಕಿತ್ಸೆ ತಗೊಂಡೆ’ ಅಂದಿದ್ದು ಎಷ್ಟೋ ಮನೆಗಳಲ್ಲಿ ಮಾತಿಗೆ ದಾರಿ ಮಾಡಿತು.

ವೇದಾವತಿ ಹರಿಯೋ ದಾರಿ

ಈಗ ನಮ್ಮ ತಾಲೂಕಿನ ನದಿಯ ಮಾತು. ಬಾಬಾಬುಡನ್ ಗಿರಿಯ ಕಡೆಯಿಂದ ವೇದಾ, ಅವತಿ ಅನ್ನೋ ಎರಡು ಹೊಳೆ ಇಳಿದು, ಒಂದು ಅಯ್ಯನಕೆರೆ, ಇನ್ನೊಂದು ಮದಗದಕೆರೆ ದಾಟಿ, ಕಡೂರಿನ ಹತ್ತಿರ ಸೇರಿ ವೇದಾವತಿ ಆಗುತ್ತವೆ. ಹೊಸದುರ್ಗ ದಾಟಿ ಹಿರಿಯೂರಿನ ಮಾರಿಕಣಿವೆಗೆ ಹೋಗುತ್ತೆ. 1907ರಲ್ಲಿ ಮುಗಿದ ಆ ಜಲಾಶಯ 1933ರಲ್ಲಿ ಕೋಡಿ ಬಿದ್ದದ್ದು, ಮತ್ತೆ ಕೋಡಿ ಬಿದ್ದಿದ್ದು 2022ರಲ್ಲಿ. ಅಲ್ಲಿಂದ ಆಂಧ್ರ ಮುಟ್ಟಿ, ಹಗರಿ ಅಂತ ಹೆಸರು ಬದಲಿಸಿಕೊಂಡು, ಬಳ್ಳಾರಿ ಜಿಲ್ಲೆಗೆ ಬಂದು ತುಂಗಭದ್ರೆ ಸೇರುತ್ತೆ. ವರ್ಷದ ಹೆಚ್ಚಿನ ದಿನ ಮರಳು ಕಾಣೋ ಈ ನದಿಯಲ್ಲಿ ದೋಣಿ ಯಾನ ಅಂತೂ ಆಗದ ಮಾತು. ಆದರೆ ಇದರ ದಂಡೆ ಹಿಡಿದು ಯಾರಾದರೂ ನಡೆದರೆ ಅವರು ಮುಟ್ಟೋ ಬಳ್ಳಾರಿ ಜಿಲ್ಲೆ ಭಾರತದ ಮಾನಸಿಕ ಆರೋಗ್ಯದ ಚರಿತ್ರೆಯಲ್ಲಿ ದೊಡ್ಡ ಹೆಸರು.

1985ರಲ್ಲಿ ನಿಮ್ಹಾನ್ಸ್ ವೈದ್ಯರು ಬಳ್ಳಾರಿಯಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಮನೋರೋಗಿಗಳನ್ನು ಬೆಂಗಳೂರಿಗೆ ಕರೆಸೋ ಬದಲು ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರು, ಆರೋಗ್ಯ ಕಾರ್ಯಕರ್ತೆಯರಿಗೇ ತರಬೇತಿ ಕೊಡೋದು, ಮಾತ್ರೆ ಅಲ್ಲೇ ಸಿಗೋ ಹಾಗೆ ಮಾಡೋದು. ‘ಬಳ್ಳಾರಿ ಮಾದರಿ’ ಅಂತಲೇ ಅದು ಹೆಸರಾಯ್ತು. 1996ರಲ್ಲಿ ಶುರುವಾದ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ತಳಹದಿ. ಈಚೆಗೆ ಚನ್ನಪಟ್ಟಣ ತಾಲೂಕಿನಲ್ಲೂ ನಿಮ್ಹಾನ್ಸ್ ಇದೇ ಜಾಡಿನಲ್ಲಿ, ಅಪಾಯದಲ್ಲಿರುವವರನ್ನು ಗುರುತಿಸೋಕೆ ಊರಿನವರಿಗೇ ತರಬೇತಿ ಕೊಡೋ ಆತ್ಮಹತ್ಯೆ ತಡೆ ಕೆಲಸ ಕೈಗೆತ್ತಿಕೊಂಡಿದೆ.

ಇದು ನಮಗೆ ಯಾಕೆ ಮುಖ್ಯ? ದೇಶದಲ್ಲಿ ಲಕ್ಷ ಜನಕ್ಕೆ 0.75 ಮನೋವೈದ್ಯರಿದ್ದಾರೆ. ಒಬ್ಬ ಪೂರ್ತಿ ಮನೋವೈದ್ಯ ಕೂಡ ಲೆಕ್ಕಕ್ಕೆ ಸಿಗಲ್ಲ. ಇರೋರಲ್ಲೂ ಹೆಚ್ಚಿನವರು ದೊಡ್ಡ ಊರುಗಳಲ್ಲಿ. ಲಕ್ಷ್ಮೀಶ ಕವಿಯ ಊರು ಅಂತ ಪಠ್ಯದಲ್ಲಿ ಓದುವ ನಮ್ಮ ದೇವನೂರಿನಂಥ ಊರಿನ ಹುಡುಗಿ ಬಸ್ಸು ಹತ್ತಿ, ಕಾಸು ಖರ್ಚು ಮಾಡಿ, ಮನೆಯಲ್ಲಿ ಸುಳ್ಳು ಹೇಳಿ ಚಿಕ್ಕಮಗಳೂರಿಗೋ ಶಿವಮೊಗ್ಗಕ್ಕೋ ಹೋಗಿ ಮನೋವೈದ್ಯರನ್ನು ಕಾಣ್ತಾಳೆ ಅಂತ ನಿರೀಕ್ಷಿಸೋದು ಅನ್ಯಾಯ. ಸಹಾಯವೇ ಅವಳ ಹತ್ತಿರ ಬರಬೇಕು. ತಾಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುವಂತೆ ಮಾಡೋ ‘ಮನೋಚೈತನ್ಯ’ ಯೋಜನೆ ನಮ್ಮ ರಾಜ್ಯದಲ್ಲಿದೆ. 2022ರ ಅಕ್ಟೋಬರ್ 10ರಿಂದ ಟೆಲಿ ಮನಸ್ ಇದೆ. 14416ಕ್ಕೆ ಯಾವ ಹೊತ್ತಲ್ಲಿ ಬೇಕಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.

ಕಾನೂನಿನ ಭಯವೂ ಬೇಡ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 115ನೇ ಸೆಕ್ಷನ್ ಪ್ರಕಾರ, ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಅಂತಲೇ ಭಾವಿಸಬೇಕು, ಅವರಿಗೆ ಆರೈಕೆ ಕೊಡೋದು ಸರ್ಕಾರದ ಹೊಣೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೇ ಸೆಕ್ಷನ್ ಇಲ್ಲ. ಸರ್ಕಾರಿ ನೌಕರರ ಕೆಲಸ ತಡೆಯಲು ಒತ್ತಡ ಹೇರುವಂಥ ಯತ್ನಕ್ಕೆ ಮಾತ್ರ ಶಿಕ್ಷೆ ಉಳಿಸಿಕೊಂಡಿದ್ದಾರೆ. ‘ಪೊಲೀಸ್ ಕೇಸ್ ಆಗುತ್ತೆ’ ಅಂತ ಆಸ್ಪತ್ರೆಗೆ ಕರೆದೊಯ್ಯೋಕೆ ತಡ ಮಾಡಬೇಡಿ.

ಉಳಿದ ದೂರ

ಕಾನೂನು ಇದೆ, ತೀರ್ಪು ಇದೆ, ಸಹಾಯವಾಣಿ ಇದೆ, ಯೋಜನೆ ಇದೆ. 2022ರ ನವೆಂಬರಿನಲ್ಲಿ ಕೇಂದ್ರ ಸರ್ಕಾರ ಪ್ರಕಟಿಸಿದ ರಾಷ್ಟ್ರೀಯ ಆತ್ಮಹತ್ಯೆ ತಡೆ ಕಾರ್ಯತಂತ್ರವೂ ಇದೆ, 2030ರೊಳಗೆ ಸಾವಿನ ಪ್ರಮಾಣ ಶೇ. 10ರಷ್ಟು ಇಳಿಸೋ ಗುರಿಯೂ ಇದೆ. ಇವೆಲ್ಲ ದೆಹಲಿಯಿಂದ ಹೊರಟು ನಮ್ಮ ಪಿಯು ಕಾಲೇಜಿನ ಗೋಡೆ ಮುಟ್ಟೋದಷ್ಟೇ ಬಾಕಿ. ಆ ದೂರವನ್ನು ಮಗಳನ್ನು ಕಳೆದುಕೊಂಡ ಅಪ್ಪನೇ ಮತ್ತೆ ನಡೀಬೇಕಾ?

ಇದನ್ನು ಓದ್ತಿರೋ ನೀವು ವಿದ್ಯಾರ್ಥಿ ಸಂಘಟನೆಯಲ್ಲಿರಬಹುದು, ಪಂಚಾಯ್ತಿ ರಾಜಕೀಯ ಮಾಡ್ತಿರಬಹುದು, ಸುಮ್ಮನೆ ಊರ ವಾಟ್ಸಾಪ್ ಗ್ರೂಪಿನ ಅಡ್ಮಿನ್ ಆಗಿರಬಹುದು. ಈ ವಾರ ಮಾಡಬಹುದಾದ ಕೆಲಸ ನಾಲ್ಕಿವೆ. ನಿಮ್ಮ ಕಾಲೇಜು, ಹಾಸ್ಟೆಲಿನ ಗೋಡೆಯಲ್ಲಿ 14416 ಇದೆಯಾ ನೋಡಿ, ಇಲ್ಲದಿದ್ದರೆ ಪ್ರಾಂಶುಪಾಲರಿಗೆ 2025ರ ಜುಲೈ 25ರ ತೀರ್ಪು ತೋರಿಸಿ ಕೇಳಿ. ಆಪ್ತಸಮಾಲೋಚಕರು ಯಾರು, ಯಾವ ದಿನ ಬರ್ತಾರೆ ಅಂತ ಲಿಖಿತವಾಗಿ ಕೇಳಿ, ಉತ್ತರ ಬಾರದಿದ್ದರೆ ಆರ್‌ಟಿಐ ಹಾಕಿ. ಜಿಲ್ಲಾಧಿಕಾರಿ ನೇತೃತ್ವದ ಸಮಿತಿ ರಚನೆಯಾಗಿದೆಯಾ, ಎಷ್ಟು ಸಲ ಸೇರಿದೆ ಅಂತ ಕೇಳಿ. ತಾಲೂಕು ಆಸ್ಪತ್ರೆಗೆ ಮಂಗಳವಾರ ಹೋಗಿ ಮನೋವೈದ್ಯರು ಬಂದಿದ್ದಾರಾ ಕಣ್ಣಾರೆ ನೋಡಿ. ಚುನಾವಣೆ ಹೊತ್ತಲ್ಲಿ ರಸ್ತೆ, ನೀರಿನ ಜತೆ ಇದನ್ನೂ ಕೇಳಿ. ಕೇಳೋರು ಇದ್ದಾರೆ ಅಂತ ಗೊತ್ತಾದರೆ ಮಾತ್ರ ಕಾಗದದ ಮೇಲಿರೋದು ನೆಲಕ್ಕಿಳಿಯುತ್ತೆ.

ಮತ್ತೊಂದು, ಇದಕ್ಕೆ ಆರ್‌ಟಿಐ ಬೇಕಾಗಿಲ್ಲ. ನಿಮ್ಮೂರಲ್ಲೂ ಬಾಗಿಲು ಮುಂದೆ ಮಾಡ್ಕೊಂಡು ಕೂತ ಮನೆಯೊಂದು ಇರುತ್ತೆ. ಹೋಗಿ. ಕಾರಣ ಕೇಳಬೇಡಿ, ವಿವರ ಕೇಳಬೇಡಿ, ಉಪದೇಶ ಬೇಡ. ಕಾಫಿ ಕೊಟ್ಟರೆ ಕುಡೀರಿ. ‘ನಿಮ್ಮ ಹುಡುಗ ಕಬಡ್ಡಿ ಎಷ್ಟು ಚೆನ್ನಾಗಿ ಆಡ್ತಿದ್ದ ಅಲ್ವಾ’ ಅಂತ ಅವನ ಹೆಸರು ಹಿಡಿದು ಒಂದು ಮಾತಾಡಿ. ಆ ಅಮ್ಮ ಅಳಬಹುದು. ಎಷ್ಟೋ ದಿನದ ಮೇಲೆ ಮಗನ ಬಗ್ಗೆ ಮಾತಾಡಲೂಬಹುದು.

*ನಿಮಗೆ ಅಥವಾ ನಿಮ್ಮ ಗೊತ್ತಿನವರಿಗೆ ಬದುಕು ಭಾರ ಅನಿಸುತ್ತಿದ್ದರೆ ಈಗಲೇ ಮಾತಾಡಿ. ಟೆಲಿ ಮನಸ್: 14416 (ದಿನದ 24 ಗಂಟೆ, ಉಚಿತ, ಕನ್ನಡದಲ್ಲಿ). ಮಕ್ಕಳ ಸಹಾಯವಾಣಿ: 1098. ತಕ್ಷಣದ ಅಪಾಯವಿದ್ದರೆ: 112.*